ಬಾಗಿಲುಗಳು ಒಳಗೆ, ನಿಮ್ಮಪ್ಪ ಹೊರಗೆ

ಬಾಗಿಲಂಗಡಿಯ ಹಿಂದಿನ ಮನೆ,
ಮಂಗಳವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಮಗನೇ, ನನ್ನ ಮೊಂಡಪ್ಪನೇ,

ಅಮ್ಮನ ಆಶೀರ್ವಾದ. ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಬಂದರಿನಲ್ಲಿ ಆ ಕ್ರೇನಿನ ಗೂಡಿಗೆ ಬೆಳಿಗ್ಗೆ ಹತ್ತಿದರೆ ಸಂಜೆಯವರೆಗೂ ಇಳಿಯುವುದಿಲ್ಲವಂತೆ, ಇಳಿಯಬೇಕಾಗುತ್ತದೆಂದು ನೀರನ್ನೂ ಕುಡಿಯುವುದಿಲ್ಲವಂತೆ. ನಿನ್ನ ಹೆಂಡತಿಯೇ ಹೇಳಿದಳು, ಅವಳನ್ನು ಗದರಬೇಡ. ಇದೆಂಥ ಜಾಣತನವೋ! ನೀರು ಕುಡಿ, ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ನಾನು ಚೆನ್ನಾಗಿದ್ದೇನೆ, ನಿನ್ನ ತಂಗಿಯೂ ಚೆನ್ನಾಗಿದ್ದಾಳೆ. ನಿಮ್ಮಪ್ಪನ ವಿಷಯ ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಹೇಳಲು ನೋಡಿದೆನಪ್ಪಾ. ನಾನು "ಅಲ್ಲ ಕಣೋ" ಎನ್ನುವಷ್ಟರಲ್ಲಿ ನೀನು "ಅಮ್ಮಾ, ನಿಂಗೆ ಗೊತ್ತಾಗಲ್ಲ, ಅಪ್ಪನ್ನ ಹೊರಗೆ ಬಿಡ್ಬೇಡ" ಎಂದು ಇಟ್ಟುಬಿಡುತ್ತೀಯ. ಕಾಗದ ಬರೆದರೆ ನಡುವೆ ಬಾಯಿ ಹಾಕುವವರಿಲ್ಲ. ಪೂರ್ತಿ ಓದು, ಆಮೇಲೆ ಎಷ್ಟು ಬೇಕಾದರೂ ಕೂಗಾಡು.

ನಿಮ್ಮಪ್ಪ ಬಿದ್ದ ದಿನ ಏನಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. "ರಸ್ತೆಯಲ್ಲಿ ಹೋಗುವಾಗ ಸ್ಕೂಟರ್ ಬಡಿಯಿತು" ಎಂದಷ್ಟೇ ನಿನಗೆ ಗೊತ್ತು. ಫುಟ್‌ಪಾತ್ ಇರುವಾಗ ಅವರು ರಸ್ತೆಯಲ್ಲಿ ಯಾಕಿದ್ದರು ಎಂದು ನೀನು ಕೇಳಲಿಲ್ಲ, ಪೊಲೀಸರೂ ಕೇಳಲಿಲ್ಲ. ನಮ್ಮ ಅಂಗಡಿಯ ರೂಢಿ ನಿನಗೆ ಗೊತ್ತೇ ಇದೆ. ಒಳಗೆ ಗರಗಸ ಓಡುತ್ತಿರುತ್ತದೆ, ಮರದ ಹುಡಿ ಹಾರುತ್ತಿರುತ್ತದೆ. ಹಸಿ ವಾರ್ನಿಷ್ ಮೇಲೆ ಹುಡಿ ಕೂತಿತೋ, ಆ ಬಾಗಿಲು ಕೆಟ್ಟಿತೆಂದೇ ಲೆಕ್ಕ. ಅದಕ್ಕೇ ವಾರ್ನಿಷ್ ಹೊಡೆದ ಬಾಗಿಲುಗಳನ್ನೆಲ್ಲ ಹೊರಗೆ ಫುಟ್‌ಪಾತಿನ ಮೇಲೆ ಸಾಲಾಗಿ ನಿಲ್ಲಿಸುವುದು. ಬೀದಿಯ ಧೂಳು ಕೂರುವುದಿಲ್ಲವೇ ಎಂದು ಕೇಳಿದರೆ ಮಾತ್ರ ನಿಮ್ಮಪ್ಪನಿಗೆ ಮೂಗಿನ ತುದಿಯಲ್ಲಿ ಕೋಪ. ಜನ ನಮ್ಮ ಬಾಗಿಲುಗಳನ್ನು ಕಂಡು ತಾವಾಗಿಯೇ ರಸ್ತೆಗೆ ಇಳಿದು, ದಾಟಿ, ಮತ್ತೆ ಮೇಲೆ ಹತ್ತಿ ಹೋಗುತ್ತಿದ್ದರು. ಒಬ್ಬರೂ ಬೈದವರಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದು ನಿಮ್ಮಪ್ಪ ತಿರುವಿನ ಅಂಗಡಿಯಿಂದ ಚಿಲಕ ತರಲು ಹೋಗಿದ್ದರು. ಹೋಗುವ ಮುಂಚೆ ಜೋಡಿ ಬಾಗಿಲೊಂದಕ್ಕೆ ಕೊನೆಯ ಸುತ್ತು ವಾರ್ನಿಷ್ ಹೊಡೆದು ಹೊರಗೆ ನಿಲ್ಲಿಸಿದ್ದರು. ವಾಪಸ್ಸು ಬಂದವರಿಗೆ ಬಾಗಿಲಿಗೂ ಚರಂಡಿಯ ಅಂಚಿಗೂ ನಡುವೆ ಒಂದು ಗೇಣು ಜಾಗ. ಅಡ್ಡ ತಿರುಗಿ ನುಸುಳಬಹುದಿತ್ತು. ಆದರೆ ಅಂಗಿಯ ತೋಳು ಹಸಿ ವಾರ್ನಿಷ್‌ಗೆ ತಾಗಿದರೆ? ತೋಳನ್ನು ಮೈಗೆ ಒತ್ತಿ ಹಿಡಿದು, ಕಣ್ಣನ್ನು ಬಾಗಿಲಿನ ಮೇಲೇ ನೆಟ್ಟು, ರಸ್ತೆಗೆ ಕಾಲಿಟ್ಟರು. ಹೆಲ್ಮೆಟ್ಟಿನೊಳಗೆ ಫೋನು ಸಿಕ್ಕಿಸಿಕೊಂಡು ಯಾರಿಗೋ ಏನೋ ಹೇಳುತ್ತ ಬರುತ್ತಿದ್ದ ಸ್ಕೂಟರಿನವನು ಬಡಿದ. ನಾನು ಓಡಿಹೋದಾಗ ನಿಮ್ಮಪ್ಪ ನೆಲದಲ್ಲಿ ಬಿದ್ದಿದ್ದರು, ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ಕೂಡಲೇ ಕೇಳಿದ್ದು ಏನು ಗೊತ್ತೇ? "ಬಾಗ್ಲಿಗೇನೂ ಆಗ್ಲಿಲ್ಲ ತಾನೆ?" ಬಾಗಿಲಿಗೆ ಒಂದು ಗೀರೂ ಆಗಿರಲಿಲ್ಲ. ಇವರ ತೊಡೆಯ ಮೂಳೆ ಎರಡು ತುಂಡಾಗಿತ್ತು. ಅಳಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಆ ಸ್ಕೂಟರಿನವನದು ತಪ್ಪಿಲ್ಲ ಎಂದು ನಾನು ಹೇಳುತ್ತಿಲ್ಲ. ಗಾಡಿ ಓಡಿಸುವಾಗ ಫೋನಿನಲ್ಲಿ ಹರಟುವವನಿಗೆ ನನ್ನ ಬಾಯಿಂದ ಒಳ್ಳೆಯ ಮಾತು ಬರುವುದಿಲ್ಲ. ಪೊಲೀಸರು ಕೇಸು ಹಾಕಿದ್ದಾರೆ, ಅನುಭವಿಸಲಿ. ಆದರೆ ಆಸ್ಪತ್ರೆಗೆ ನೋಡಲು ಬಂದವರೆಲ್ಲ ಏನೆಂದರು? "ಈ ವಯಸ್ಸಲ್ಲಿ ಇವ್ರಿಗೆ ಓಡಾಟ ಯಾಕೆ ಬೇಕಿತ್ತು?" ಎಂದರು. ಬಡಿದವನ ಓಡಾಟದ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ, ಪೆಟ್ಟು ತಿಂದವರೇ ಮನೆಯಲ್ಲಿ ಇರಬೇಕಂತೆ! ಕೊನೆಗೆ ನನ್ನ ಹೊಟ್ಟೆಯಲ್ಲಿ ಹುಟ್ಟಿದ ನೀನೂ ಅದನ್ನೇ ಹೇಳಿದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ನಿಮ್ಮೆಲ್ಲರ ಬುದ್ಧಿ. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಮಾತ್ರ ಬೇರೆಯ ಮಾತು ಹೇಳಿದಳು. "ಅಮ್ಮಾ, ರಾಡ್ ಹಾಕಿದ್ದಾರೆ, ಮೂಳೆ ಕೂಡತ್ತೆ. ಆದ್ರೆ ದಿನಾ ನಡೀಲಿಲ್ಲ ಅಂದ್ರೆ ಇವ್ರು ಮತ್ತೆ ನಡೆಯಲ್ಲ. ಮನೆ ಒಳಗೆ ಮೂರು ಹೆಜ್ಜೆ ಹಾಕಿದ್ರೆ ಸಾಲಲ್ಲ, ಹೊರಗೆ ಕರ್ಕೊಂಡು ಹೋಗಿ" ಎಂದಳು. ಅವಳ ಬಾಯಿಗೆ ಸಕ್ಕರೆ ಹಾಕಬೇಕು.

ಮೊದಲ ಸಲ ಹೊರಗೆ ಕರೆದುಕೊಂಡು ಹೊರಟೆ. ನಿಮ್ಮಪ್ಪನ ಕೈಯಲ್ಲಿ ವಾಕರ್, ಅದೇ ನಾಲ್ಕು ಕಾಲಿನ ಅಲ್ಯೂಮಿನಿಯಂ ಚೌಕಟ್ಟು. ಅದಕ್ಕೆ ಮನುಷ್ಯನಿಗಿಂತ ಅಗಲ ಜಾಗ ಬೇಕು. ಹೊಸಿಲು ದಾಟಿ ನಾಲ್ಕು ಹೆಜ್ಜೆ ಇಟ್ಟೆವೋ ಇಲ್ಲವೋ, ಎದುರಿಗೆ ನಮ್ಮದೇ ಬಾಗಿಲುಗಳು! ಇವರು ಬಿದ್ದ ಮೇಲೂ ಕೆಲಸದವನು ಹಳೆಯ ಅಭ್ಯಾಸದಂತೆ ಅಲ್ಲೇ ನಿಲ್ಲಿಸಿದ್ದ, ನಾನೂ ನೋಡಿ ಸುಮ್ಮನಿದ್ದೆ. ನಿಮ್ಮಪ್ಪ ಮೆಲ್ಲಗೆ "ಇವಳೇ, ರಸ್ತೆಗೇ ಇಳಿದ್ಬಿಡೋಣ, ವಾಕರ್ ತಾಗಿದ್ರೆ ಪಾಲಿಶ್ ಹೋಗತ್ತೆ" ಎಂದರು. ನನಗೆ ಎಲ್ಲಿತ್ತೋ ಸಿಟ್ಟು! "ರೀ, ನೀವು ಆ ಬಾಗಿಲಿಗಿಂತ ಕಡಿಮೇನಾ?" ಎಂದು ಕೂಗಿ, ಮುಂದಿದ್ದ ಬಾಗಿಲನ್ನು ಎರಡೂ ಕೈಯಿಂದ ಹಿಡಿದು ಒಳಗೆ ಎಳೆದೆ. ಅದು ಹಸಿ ಇತ್ತು. ನನ್ನ ಹತ್ತೂ ಬೆರಳು ಅದರ ಮೇಲೆ ಮೂಡಿದವು. ಕಾಲು ಮುರಿದಾಗ ಅಳದವರು ಅದನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಮಾರನೆಯ ದಿನ ಕುರ್ಚಿಯಲ್ಲಿ ಕೂತೇ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿದ್ದೂ ಉಜ್ಜಿದ್ದೇ, ನನ್ನೊಡನೆ ಮಾತಿಲ್ಲ ಕತೆಯಿಲ್ಲ.

ಅಂದೇ ತೀರ್ಮಾನ ಮಾಡಿದೆ. ಇನ್ನು ನಮ್ಮ ಒಂದು ಬಾಗಿಲೂ ಫುಟ್‌ಪಾತಿನ ಮೇಲೆ ನಿಲ್ಲಕೂಡದು. ಈಗ ಬೆಳಿಗ್ಗೆಯೆಲ್ಲ ಗರಗಸದ ಕೆಲಸ. ಊಟದ ಹೊತ್ತಿಗೆ ಗರಗಸ ನಿಲ್ಲಿಸಿ, ನೀರು ಚಿಮುಕಿಸಿ ಗುಡಿಸಿ, ಹುಡಿ ಕೂತ ಮೇಲೆ ವಾರ್ನಿಷ್. ಬಾಗಿಲುಗಳು ಒಣಗುವುದು ಮನೆಯ ನಡುಕೋಣೆಯಲ್ಲಿ. ಅಡುಗೆಮನೆಯಿಂದ ಮಲಗುವ ಕೋಣೆಗೆ ಹೋಗಬೇಕಾದರೆ ಇಡೀ ಊರಿನ ಬಾಗಿಲುಗಳ ನಡುವೆ ನುಸುಳಬೇಕೆಂದು ನಿನ್ನ ತಂಗಿ ಗೊಣಗುತ್ತಾಳೆ. ಮನೆಯೆಲ್ಲ ವಾರ್ನಿಷ್ ವಾಸನೆ, ಕಿಟಕಿ ಮುಚ್ಚುವ ಹಾಗಿಲ್ಲ. ಕೆಲಸವೂ ನಿಧಾನವಾಗಿದೆ. ಆಗಲಿ. ನಿಧಾನವಾದರೆ ಯಾರ ಮೂಳೆಯೂ ಮುರಿಯುವುದಿಲ್ಲ.

ನಮ್ಮದೊಂದೇ ಒಳಗೆ ಹೋದರೆ ಸಾಕೇ? ಪಕ್ಕದ ಗಾಜಿನಂಗಡಿಯವರ ಗಾಜುಗಳು, ಅದರಾಚೆ ಪೈಪುಗಳು, ಔಷಧಿ ಅಂಗಡಿಯ ಮುಂದೆ ಅಡ್ಡಾದಿಡ್ಡಿ ಸ್ಕೂಟರುಗಳು. ಗಾಜಿನಂಗಡಿಯವರು ನಕ್ಕರು. "ಅಕ್ಕಾ, ನೀವೊಬ್ರು ಒಳಗಿಟ್ರೆ ಊರು ಉದ್ಧಾರ ಆಗತ್ತಾ?" ಎಂದರು. ನಾನು ಜಗಳಕ್ಕೆ ಹೋಗಲಿಲ್ಲ ಕಣೋ, ನಂಬು. ಸಂಜೆ ಗಿರಾಕಿಗಳು ತುಂಬಿರುವ ಹೊತ್ತಿಗೆ ನಿಮ್ಮಪ್ಪನನ್ನು ಕರೆದುಕೊಂಡು ಹೋಗಿ ಅವರ ಗಾಜಿನ ಮುಂದೆ ನಿಂತೆ. ರಸ್ತೆಗೆ ಇಳಿಯಲಿಲ್ಲ, ಹಿಂದೆ ಸರಿಯಲೂ ಇಲ್ಲ. ನಮ್ಮ ಹಿಂದೆ ಮಗುವನ್ನು ಎತ್ತಿಕೊಂಡವಳೊಬ್ಬಳು ನಿಂತಳು, ಅವಳ ಹಿಂದೆ ಚೀಲ ಹೊತ್ತವರು, ಶಾಲೆ ಬಿಟ್ಟ ಮಕ್ಕಳು. "ಏನಾಯ್ತಮ್ಮಾ?" ಎಂದು ಹಿಂದಿನವರು ಕೇಳಿದರೆ "ದಾರಿ ಬಿಡೋದನ್ನ ಕಾಯ್ತಾ ಇದೀವಿ" ಎಂದೆ, ಅಷ್ಟೇ. ನಿಮ್ಮಪ್ಪ ನಾಚಿಕೆಯಿಂದ ನೆಲ ನೋಡುತ್ತಿದ್ದರು. ಗಾಜಿನಂಗಡಿಯವರು ಮುಖ ಗಂಟಿಕ್ಕಿಕೊಂಡು ಗಾಜು ಸರಿಸಿದರು. ಮಾರನೆಯ ಸಂಜೆ ಮತ್ತೆ ಹೋದೆವು, ಮತ್ತೆ ಸರಿಸಿದರು. ಹೀಗೆ ದಿನಾ ಸರಿಸಿ ಸರಿಸಿ ಕೈ ಸೋತು, ಕೊನೆಗೆ ಒಳಗೇ ಒಂದು ಮರದ ಸ್ಟ್ಯಾಂಡ್ ಮಾಡಿಸಿಕೊಂಡರು. ಮಾಡಿಕೊಟ್ಟವರು ಯಾರು ಹೇಳು? ನಿಮ್ಮಪ್ಪನೇ! ಔಷಧಿ ಅಂಗಡಿಯ ಮುಂದಿನ ಸ್ಕೂಟರುಗಳು ಮಾತ್ರ ಇನ್ನೂ ಬಗ್ಗಿಲ್ಲ. ಬಗ್ಗಿಸುತ್ತೇನೆ, ನಾನೇನು ನಾಳೆಯೇ ಸಾಯುವುದಿಲ್ಲ.

ಇನ್ನು ರಸ್ತೆ ದಾಟುವ ಮಾತು. ತಿರುವಿನಲ್ಲಿದ್ದ ಬಿಳಿ ಪಟ್ಟೆಗಳು ಅಳಿಸಿಹೋಗಿ ಎಷ್ಟು ಕಾಲವಾಯಿತೋ. ರಸ್ತೆ ನೋಡಿಕೊಳ್ಳುವ ಇಂಜಿನಿಯರರ ಕಚೇರಿಗೆ ಇಬ್ಬರೂ ಹೋದೆವು. "ಅಲ್ಲಿ ದಾಟೋರೇ ಇಲ್ವಲ್ಲಮ್ಮಾ" ಎಂದರು. "ಹೊಳೇಲಿ ಈಜೋರಿಲ್ಲ ಅಂತ ಸೇತುವೆ ಕಟ್ಟದೆ ಇರ್ತೀರಾ ಸ್ವಾಮಿ?" ಎಂದೆ. ಪುಣ್ಯಾತ್ಮ ನಕ್ಕುಬಿಟ್ಟರು. ಆದರೂ ಕೆಲಸ ನಗುವಿನಿಂದ ಆಗಲಿಲ್ಲ. ಹೋಗಿ ಹೋಗಿ ಆ ಕಚೇರಿಯ ಬೆಂಚಿಗೆ ನಮ್ಮ ಗುರುತು ಸಿಕ್ಕಿತು. ಕಡೆಗೂ ಹೊಸ ಪಟ್ಟೆ ಬಳಿದರು, ಗಾಡಿಗಳು ನಿಧಾನವಾಗಲೆಂದು ಪಟ್ಟೆಯ ಮುಂದೆ ರಸ್ತೆಗೆ ಒಂದು ಉಬ್ಬನ್ನೂ ಹಾಕಿದರು. ಬಳಿಯುವ ದಿನ ಆ ಇಂಜಿನಿಯರೇ ಬಂದು ನಿಂತು ಒಂದು ಮಾತು ಹೇಳಿದರು. "ಪಟ್ಟೆ ನಿಮ್ಮ ಹಕ್ಕು, ನಿಜ. ಆದ್ರೆ ಪಟ್ಟೆಗೆ ಬ್ರೇಕ್ ಇಲ್ಲ. ನೋಡ್ಕೊಂಡೇ ಕಾಲಿಡಬೇಕು" ಎಂದರು. ಒಪ್ಪಿಕೊಂಡೆ. ನಾವೇನು ಸಾಚಾಗಳೇ? ಎಲ್ಲೆಂದರಲ್ಲಿ ಕೈ ಅಡ್ಡ ಹಿಡಿದು ನುಗ್ಗುವವಳು ನಾನು, ನಿಂತ ಎರಡು ಬಸ್ಸುಗಳ ಸಂದಿಯಿಂದ ಇಲಿಯಂತೆ ಹೊರಬರುವವರು ನಿಮ್ಮಪ್ಪ. ಈಗ ಪಟ್ಟೆಯಲ್ಲೇ ದಾಟುತ್ತೇವೆ. ನಿಂತು, ಎರಡೂ ಕಡೆ ನೋಡಿ, ಗಾಡಿ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆ, ಓಡದೆ. ವಾರ್ನಿಷ್ ಕಲೆ ಕಾಣಬಾರದೆಂದು ಸದಾ ಕಂದು ಅಂಗಿ ತೊಡುತ್ತಿದ್ದವರಿಗೆ ನಿನ್ನ ತಂಗಿ ದೂರದಿಂದಲೇ ಕಾಣುವ ಹಳದಿ ಅಂಗಿ ತಂದಿದ್ದಾಳೆ. ಮಾಗಿದ ನಿಂಬೆಹಣ್ಣಿನ ಹಾಗೆ ಕಾಣುತ್ತಾರೆ. ಹಾಗೆಂದು ಅವರೆದುರು ಹೇಳಬೇಡ, ಮತ್ತೆ ಕಂದು ಅಂಗಿ ಹುಡುಕುತ್ತಾರೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ಮುಂದಿನ ತಿಂಗಳು ಗಾಡಿ ತಂದು ನಮ್ಮನ್ನು ಕರೆದುಕೊಂಡು ಹೋಗುತ್ತೇನೆ, ನಿನ್ನ ಎಂಟನೆಯ ಮಹಡಿಯ ಮನೆಯಲ್ಲಿ ಅಪ್ಪ ಬಾಲ್ಕನಿಯಲ್ಲಿ ಆರಾಮಾಗಿ ಕೂತಿರಲಿ ಎನ್ನುತ್ತೀಯ. ನಿನ್ನ ಪ್ರೀತಿ ನನಗೆ ತಿಳಿಯದೇ? ನಿನಗೆ ಭಯ. ನನಗೂ ಭಯ ಕಣೋ. ಅವರು ಎರಡು ನಿಮಿಷ ತಡವಾಗಿ ಬಂದರೆ ನಾನು ಒಳಗೂ ಹೊರಗೂ ಓಡಾಡುತ್ತೇನೆ. ಆದರೆ ನನ್ನ ಭಯಕ್ಕೆ ಅವರನ್ನು ಕೂಡಿಹಾಕುವುದು ಯಾವ ನ್ಯಾಯ? ಮರ ಕೊಯ್ಯುವ ಮನುಷ್ಯ, ತನ್ನ ಕಾಲ ಮೇಲೆ ತಾನು ನಡೆದು ತನ್ನ ಅಂಗಡಿಗೆ ಹೋಗಬೇಕು. ಕೂತರೆ ಅವರ ಕಾಲಷ್ಟೇ ಅಲ್ಲ, ಮನಸ್ಸೂ ಹೋಗುತ್ತದೆ. ರಸ್ತೆಯಲ್ಲಿ ನಡೆಯುವವರಿಗೂ ಜಾಗವಿದೆ, ಆ ಜಾಗವನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ನಾವು ಬರುವುದಿಲ್ಲ. ನೀನು ಬಾ, ನಾಲ್ಕು ದಿನ ಇರು, ಸಂಜೆ ಅವರ ಜೊತೆ ನಡೆ. ಮತ್ತೆ, ಆ ಬಂದರಿನ ರಸ್ತೆಯಲ್ಲಿ ನೀನು ಗಾಡಿ ಓಡಿಸುವಾಗ ಪಟ್ಟೆಯ ಮೇಲೆ ಯಾರಾದರೂ ಕಾಲಿಟ್ಟರೆ ನಿಲ್ಲಿಸುತ್ತೀಯಾ? ನಿಜ ಹೇಳು. ನಿಲ್ಲಿಸು ಮಗನೇ. ಅವರ ಮನೆಯಲ್ಲೂ ಯಾರೋ ಕಾಯುತ್ತಿರುತ್ತಾರೆ.

ಸೊಸೆಗೆ ನನ್ನ ನೆನಪು ಹೇಳು, ಅವಳ ಮಾತು ಕೇಳು. ನಿನ್ನ ಬೆನ್ನು ಗಟ್ಟಿಯಾಗಲಿ, ಆಯುಷ್ಯ ಗಟ್ಟಿಯಾಗಲಿ, ತಲೆ ಮಾತ್ರ ಸ್ವಲ್ಪ ಮೆತ್ತಗಾಗಲಿ ಎಂದು ಹರಸುವ,

ನಿನ್ನ ಅಮ್ಮ

ತಾ.ಕ.: ಅವಸರದಲ್ಲಿ ನಿಂತೇ ಬರೆಯುತ್ತಿದ್ದೇನೆ. ಈ ಕಾಗದವನ್ನು ನಿನ್ನ ತಂಗಿಯ ಕೈಗೆ ಕೊಟ್ಟು ಅಂಚೆಗೆ ಹಾಕಿಸೋಣ ಎಂದಿದ್ದೆ. ನಿಮ್ಮಪ್ಪ ಚಪ್ಪಲಿ ಮೆಟ್ಟಿ ನಿಂತುಬಿಟ್ಟಿದ್ದಾರೆ, ತಾವೇ ಹಾಕುತ್ತಾರಂತೆ. ಅಂಚೆ ಡಬ್ಬ ರಸ್ತೆಯ ಆಚೆ ಇದೆ. ಬಿದ್ದ ಮೇಲೆ ಇಷ್ಟು ದಿನ ನಾನಿಲ್ಲದೆ ಅವರು ರಸ್ತೆ ದಾಟಿಲ್ಲ. ನಾನು ಜೊತೆಗೆ ಬರಕೂಡದಂತೆ, ನಿನ್ನ ತಂಗಿಯೂ ಬರಕೂಡದಂತೆ. "ನೀನು ಕಲಿಸಿದ್ದೇ ಅಲ್ವಾ, ಈಗ ಬಿಡು" ಎನ್ನುತ್ತ ಕೈ ಚಾಚಿದ್ದಾರೆ. ಕೊಡುತ್ತಿದ್ದೇನೆ. ಇಲ್ಲಿಂದಲೇ ನೋಡುತ್ತೇನೆ, ಹಿಂದೆ ಹೋಗುವುದಿಲ್ಲ. ಈ ಕಾಗದ ನಿನ್ನ ಕೈಯಲ್ಲಿದೆ ಎಂದರೆ ನಿಮ್ಮಪ್ಪ ಒಬ್ಬರೇ ರಸ್ತೆ ದಾಟಿದರು ಎಂದು ತಿಳಿ.