ನಲವತ್ತಮೂರು ಉಂಡಿ

ಆಲಮಟ್ಟಿ
ಬುಧವಾರ, ೧೨ ನವೆಂಬರ್ ೨೦೨೫

ಇಸ್ಪೀಟಿನಲ್ಲಿ ಮೋಸ ಮಾಡುವುದನ್ನು ನನಗೆ ಕಲಿಸಿಕೊಟ್ಟ ನನ್ನ ಆಯಿ ರುಕ್ಮವ್ವನಿಗೆ, ನಿನ್ನ ಮೊಮ್ಮಗಳು ಸುವರ್ಣಾ ಕಾಲು ಮುಟ್ಟಿ ಬರೆಯುವುದು.

ಇದನ್ನು ನಿನಗೆ ಓದಿ ಹೇಳುವವರು ಸುನಂದಾ ವೈನಿ ಎಂದು ನನಗೆ ಗೊತ್ತು. ವೈನಿ, ನಿಮ್ಮ ಯಜಮಾನ ಪರಸಣ್ಣ ಹೊಲಕ್ಕೆ ಹೋದ ಮೇಲೆ, ಪಕ್ಕದ ಮನೆಯ ಆ ಗುಂಡವ್ವ ಮಜ್ಜಿಗೆ ಕೇಳುವ ನೆವದಲ್ಲಿ ಬಂದು ಕೂಡುವ ಮೊದಲು, ಆಯಿಯ ಹೊರಸಿನ ಹತ್ತಿರ ಕುಳಿತು ಓದ್ರಿ. ನಡುವೆ ಬೇಜಾರಾದರೂ ನಿಲ್ಲಿಸಬೇಡ್ರಿ.

ಫೋನ್ ಮಾಡಿದ್ದರ ಆಗತಿತ್ತಲ್ಲ ಮೂಳಿ, ಎಂದು ನೀನು ಅನ್ನುತ್ತೀ. ಫೋನಿನಲ್ಲಿ ನನ್ನ ದನಿ ಬಹಳ ಚೆನ್ನಾಗಿ ಸುಳ್ಳು ಹೇಳುತ್ತದೆ ಆಯಿ. ಅದಕ್ಕೆ ವರ್ಷಗಟ್ಟಲೆ ತಾಲೀಮು ಕೊಟ್ಟಿದ್ದೇನೆ. ಕೈಬರಹಕ್ಕೆ ಇನ್ನೂ ಆ ವಿದ್ಯೆ ಬಂದಿಲ್ಲ, ಅದಕ್ಕೇ ಪೆನ್ನು ಹಿಡಿದೆ.

ಮೊದಲು ಒಂದು ವಿಷಯ ತಿಳಿಸಿಬಿಡುತ್ತೇನೆ. ಈ ಆರು ವರ್ಷ ನಾನು ಮನೆಯಲ್ಲಿ ಕುಳಿತು ಕಂಪ್ಯೂಟರಿನ ಕೆಲಸ ಮಾಡುತ್ತೇನೆಂದು ನಮ್ಮೂರು ಮೋರಟಗಿಯ ಎಲ್ಲರಿಗೂ ಹೇಳಿದ್ದೆನಲ್ಲ, ಅದು ಇಸ್ಪೀಟು. ಪೋಕರ್ ಎನ್ನುತ್ತಾರೆ. ನಮ್ಮ ಮೂರೆಲೆ ಆಟದ ದೂರದ ಸಂಬಂಧಿ. ದುಡ್ಡು ಕಟ್ಟಿ, ಮುಖ ಕಾಣದ ಜನರ ಜೊತೆ ಆಡುವುದು. ನನ್ನ ಗಂಡ ಅನೀಲಕುಮಾರರಿಗೆ ಗೊತ್ತಿತ್ತು. ಅವರು ಬೆಳಿಗ್ಗೆ ಕಾಲುವೆ ಆಫೀಸಿಗೆ ಹೋದರೆಂದರೆ ನಾನು ಹನ್ನೊಂದಕ್ಕೆ ಕುಳಿತು ಐದಕ್ಕೆ ಏಳುತ್ತಿದ್ದೆ. ಅಯ್ಯ, ಮನಿ ತೊಳದಿಯಲ್ಲ ಖೋಡಿ, ಎಂದು ಎದೆ ಬಡಿದುಕೊಳ್ಳಬೇಡ. ನಾನು ಸೋಲಲಿಲ್ಲ. ಗೆದ್ದೆ. ವರ್ಷ ವರ್ಷವೂ ಗೆದ್ದೆ. ನನ್ನ ಕಷ್ಟ ಶುರುವಾದದ್ದೇ ಅಲ್ಲಿ.

ಸೋತಿದ್ದರೆ ಪರಸಣ್ಣ ಬಂದು ನಾಲ್ಕು ಬಾರಿಸುತ್ತಿದ್ದ, ಇವರು ಲ್ಯಾಪ್‌ಟಾಪ್ ಒಯ್ದು ಹೊಳೆಗೆ ಒಗೆಯುತ್ತಿದ್ದರು, ನೀನು ಯಾವುದಾದರೂ ದೇವರಿಗೆ ಹರಕೆ ಹೊರುತ್ತಿದ್ದೆ. ಗೆಲ್ಲುವವಳನ್ನು ಯಾರು ಬಿಡಿಸುತ್ತಾರೆ ಹೇಳು? ನನಗೆ ಸಾಕಾಗಿದೆ ಎಂದು ಇವರಿಗೆ ಹೇಳಿದರೆ, ಇಷ್ಟ ಚಲೋ ಕೈ ಐತಿ, ಎರಡ ದಿನಾ ಬಿಟ್ಟ ಮತ್ತ ಕೂಡು, ಎಂದರು. ಕೆಟ್ಟ ಮನಸ್ಸಿನಿಂದ ಅಲ್ಲ. ಅವರಿಗೆ ಅದು ಹಿತವಾದ ಮಾತೇ.

ಮೊದಲ ವರ್ಷ ಎಷ್ಟು ಖುಷಿಯಿತ್ತು ಆಯಿ! ಕೈಯಲ್ಲಿ ಏನೂ ಇಲ್ಲದೆ, ಎಲ್ಲವೂ ಇದೆ ಎನ್ನುವ ಹಾಗೆ ಆಡಿ ಒಬ್ಬನನ್ನು ಓಡಿಸಿದ ದಿನ ಸಾರಿನ ಸೌಟು ಹಿಡಿದು ಅಡುಗೆ ಮನೆಯಲ್ಲಿ ಕುಣಿದಿದ್ದೆ. ನಿನ್ನನ್ನೇ ನೆನೆಸಿದ್ದೆ. ನೀನು ಬರೀ ಐದರ ಪಂಜಿ ಹಿಡಿದುಕೊಂಡು ಮೀಸೆ ತಿರುವುವವರ ಹಾಗೆ ಮೂಗಿನ ನತ್ತು ತಿರುವುತ್ತಿದ್ದೆಯಲ್ಲ, ಗುಂಡವ್ವ ಹೆದರಿ ಎಲೆ ಬಿಸಾಡುತ್ತಿದ್ದಳಲ್ಲ, ಆ ವಿದ್ಯೆಯೇ ಇದು.

ಆಮೇಲೆ ಎರಡು ಮೇಜು, ನಾಲ್ಕು ಮೇಜು, ಕೊನೆಗೆ ಆರು ಮೇಜು ಒಟ್ಟಿಗೆ ತೆರೆದುಕೊಂಡು ಆಡತೊಡಗಿದೆ. ನನ್ನ ಸರದಿ ಬಂದಾಗ ಟಿಕ್ ಎಂದು ಸದ್ದು. ಕೆಲವೇ ಸೆಕೆಂಡಿನಲ್ಲಿ ತೀರ್ಮಾನ. ಮುಂದೆ ಮುಖವಿಲ್ಲ, ಒಂದು ಹೆಸರು, ಅಷ್ಟೇ. ಅವನು ಎಷ್ಟು ಹೊತ್ತು ತಡೆದ ಎನ್ನುವುದೇ ಅವನ ಮುಖ. ದಿನಕ್ಕೆ ಸಾವಿರಾರು ಸಲ ಅದೇ. ಯಾವಾಗ ಖುಷಿ ಹೋಯಿತೋ ನಾನು ನೋಡಲೇ ಇಲ್ಲ. ಒಮ್ಮೆ ದೊಡ್ಡ ಆಟದಲ್ಲಿ ಸಾವಿರ ಜನರನ್ನು ದಾಟಿ ಮೊದಲನೆಯವಳಾದೆ. ಇವರು ಪೇಢೆ ತಂದು ಬಾಯಿಗೆ ಹಾಕಿದರು. ಮಣ್ಣು ತಿಂದ ಹಾಗಾಯಿತು. ಅವತ್ತೇ ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ.

ಆಟದ ಖುಷಿಯಷ್ಟೇ ಹೋಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ಅದು ಹೋಗುವಾಗ ಉಳಿದದ್ದನ್ನೂ ಎಳೆದುಕೊಂಡು ಹೋಯಿತು. ರೊಟ್ಟಿ ಬಡಿಯುವಾಗ ಕುಕ್ಕರ್ ಕೂಗಿದರೆ ನನ್ನ ಸರದಿ ಬಂತೆಂದು ಕೈ ನಿಲ್ಲುತ್ತಿತ್ತು. ಪಕ್ಕದ ಕ್ವಾರ್ಟರ್ಸಿನ ಮುದುಕರು ತೀರಿಕೊಂಡಾಗ ಮನೆಯವರನ್ನು ಮಾತಾಡಿಸಲು ಹೋದೆ. ಅವರ ಸೊಸೆಯಂದಿರಲ್ಲಿ ಯಾರದು ಖರೆ ಅಳು, ಯಾರದು ತೋರಿಕೆ ಎಂದು ನೋಡುತ್ತ ಕುಳಿತೆ. ಮೂವರಲ್ಲಿ ಒಬ್ಬಳದು ಖರೆ. ಎದ್ದು ಬಂದೆ. ನನಗೆ ಮಾತ್ರ ಒಂದು ಹನಿ ಬರಲಿಲ್ಲ.

ಈಗ ಪಂಚಮಿಯ ಮಾತು. ಇದನ್ನು ಹೇಳಲಿಕ್ಕೇ ಇಷ್ಟು ದೂರ ಸುತ್ತಿ ಬಂದೆ.

ರೊಟ್ಟಿ ಹಬ್ಬದ ಮರುದಿನ, ಹಾಲೆರೆದು ಬಂದು, ಪಡಸಾಲೆಯಲ್ಲಿ ಚಾಪೆ ಹಾಸಿದೆವು. ಪ್ರತಿ ವರ್ಷದ ಹಾಗೆ ಎಲ್ಲರ ಮುಂದೆ ಹತ್ತತ್ತು ಶೇಂಗಾ ಉಂಡಿ, ಉಂಡಿಯದೇ ಪಂಥ. ಮೂರೆಲೆ ಆಟದಲ್ಲಿ ಎಲೆ ಎತ್ತಿ ನೋಡಿ ಆಡಬಹುದು, ನೋಡದೆಯೂ ಆಡಬಹುದು. ನೋಡಿ ಆಡುವವರು ಎರಡರಷ್ಟು ಉಂಡಿ ಇಡಬೇಕು. ನೀನು ಈ ಸಲ ಒಂದು ಆಟದಲ್ಲೂ ಎಲೆ ಎತ್ತಲಿಲ್ಲ. ನಾ ಏನ್ ನೋಡೂದ ಐತಿ, ನನ್ನ ದೈವ ನನಗ ಗೊತ್ತೈತಿ, ಎಂದು ಉಂಡಿ ತಳ್ಳಿದೆ. ಎಲ್ಲರೂ ನಕ್ಕರು. ಎಂಬತ್ತು ದಾಟಿದರೂ ಮುದುಕಿಯ ಸೊಕ್ಕು ನೋಡು, ಎಂದ ಪರಸಣ್ಣ.

ನಾನು ನಗಲಿಲ್ಲ. ನಾನು ನಿನ್ನನ್ನು ಓದುತ್ತಿದ್ದೆ. ನೀನು ಉಂಡಿಯನ್ನು ಕಣ್ಣಿನಿಂದಲ್ಲ, ಬೆರಳಿನಿಂದ ಎಣಿಸುತ್ತಿದ್ದೆ. ಯಾರಾದರೂ ಮಾತಾಡಿದರೆ ಕೋಳಿಯ ಹಾಗೆ ಕತ್ತು ಓರೆ ಮಾಡಿ ನೋಡುತ್ತಿದ್ದೆ. ಆಟದ ಕೊನೆಗೆ ಎಲೆ ತೋರಿಸುವಾಗ ನೀನು ಮೂರೂ ರಾಜಾ ಎಂದೆ. ಬಿದ್ದದ್ದು ಒಂದು ರಾಜಾ, ಒಂದು ಬದಾಮ ರಾಣಿ, ಒಂದು ಏಳರ ಸತ್ತಿ. ಶುರುವಾತು ಆಯಿ ಮೋಸಾ, ಎಂದು ವೈನಿ ಹೊಟ್ಟೆ ಹಿಡಿದುಕೊಂಡರು. ಅದು ಮೋಸವಾಗಿರಲಿಲ್ಲ. ನಿನಗೆ ಎಲೆ ಕಾಣುತ್ತಿರಲಿಲ್ಲ. ಕಾಲು ಗಂಟೆಯಲ್ಲಿ ನನಗೆ ಅದು ಗೊತ್ತಾಯಿತು ಆಯಿ. ಇಡೀ ಮನೆಯಲ್ಲಿ ನನಗೊಬ್ಬಳಿಗೆ.

ಗೊತ್ತಾದ ಮೇಲೆ ನಾನು ಏನು ಮಾಡಿದೆ? ಆಯಿ, ಕಣ್ಣಿಗೆ ಏನಾಗೇದ, ಎಂದು ಕೇಳಿದೆನೇ? ಇಲ್ಲ. ಎಲೆ ನೋಡದವಳ ಎದುರು ಹೇಗೆ ಆಡಬೇಕೋ ಹಾಗೆ ಆಡಿದೆ. ಕೆಟ್ಟ ಎಲೆ ಬಂದರೆ ಬಿಟ್ಟೆ, ಒಳ್ಳೆಯದು ಬಂದರೆ ನಿನ್ನಿಂದ ಕಿತ್ತೆ. ಒಂದು ಸಲವೂ ಬಿಟ್ಟುಕೊಡಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಮುಂದೆ ನಲವತ್ತಮೂರು ಉಂಡಿ, ನಿನ್ನ ಮುಂದೆ ಬರೀ ಚಾಪೆ.

ನಮ್ಮ ಮನೆಯ ಪದ್ಧತಿ ನೀನೇ ಹಾಕಿದ್ದು, ಗೆದ್ದವರು ಮೊದಲ ಉಂಡಿಯನ್ನು ಸೋತವರ ಬಾಯಿಗೆ ಹಾಕಬೇಕು, ಆಮೇಲೆ ಎಲ್ಲರಿಗೂ ಹಂಚಬೇಕು. ನಾನು ಉಂಡಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಸುಮ್ಮನೆ ಎದ್ದು ಕಂಬದ ಹತ್ತಿರ ಬಂದೆ. ನೀನು ಬಾಯಿ ತೆರೆದುಕೊಂಡು ಕುಳಿತೆ. ನಾನು ಎದ್ದುಹೋದ ಖಾಲಿ ಜಾಗದ ಕಡೆಗೆ ಮುಖ ಮಾಡಿ, ನಗುತ್ತ, ಬಾಯಿ ತೆರೆದುಕೊಂಡು. ಎಲ್ಲರೂ ನಿನ್ನ ಚೇಷ್ಟೆ ಎಂದುಕೊಂಡರು. ಆ ಗಳಿಗೆ ನನ್ನ ತಲೆಯಲ್ಲಿ ಬಂದದ್ದು ಒಂದೇ ಮಾತು. ನನ್ನ ಅಂದಾಜು ಸರಿಯಿತ್ತು. ಅಷ್ಟೇ ಬಂತು ಆಯಿ. ಕೊನೆಗೆ ಎದ್ದು ಬಂದು ನಿನ್ನ ಬಾಯಿಗೆ ಉಂಡಿ ಹಾಕಿದವರು ವೈನಿ.

ಮರುದಿನ ನಾನು ಆಲಮಟ್ಟಿಗೆ ಬಂದೆ. ಬಸ್ಸಿನಲ್ಲಿ ಹೇಳಬೇಕೆಂದು ಅನ್ನಿಸಿತು. ಮನೆ ಮುಟ್ಟಿ ಕೈಕಾಲು ತೊಳೆದು ಲ್ಯಾಪ್‌ಟಾಪ್ ತೆರೆದೆ, ಮರೆತೆ. ಮರೆತೆ ಎನ್ನುವುದೂ ಸುಳ್ಳು. ಎದುರಾಳಿಯ ಗುಟ್ಟು ಗೊತ್ತಾದರೆ ಯಾರಿಗೂ ಹೇಳಬಾರದು ಎಂದು ಆರು ವರ್ಷ ಕಲಿತಿದ್ದೆ. ನಾಲಿಗೆಗೆ ಅದೇ ರೂಢಿಯಾಗಿತ್ತು.

ಆಗಸ್ಟಿನಲ್ಲಿ ಸರ್ಕಾರ ಕಾಯ್ದೆ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಲ್ಲಿಸಿತು. ನನಗೆ ಬಿಡುಗಡೆಯಾಯಿತೆಂದು ಊದುಬತ್ತಿ ಹಚ್ಚಿದೆ. ಮರುದಿನ ಹನ್ನೊಂದಕ್ಕೆ ಮುಚ್ಚಿದ ಲ್ಯಾಪ್‌ಟಾಪಿನ ಮುಂದೆ ಹೋಗಿ ಕುಳಿತೆ, ಐದಕ್ಕೆ ಎದ್ದೆ. ಈಗಲೂ ಹಾಗೇ. ಒಂದು ಸಂಜೆ ಜನ ಇಲ್ಲಿಯ ಡ್ಯಾಮಿನ ಗೇಟು ತೆರೆದದ್ದನ್ನು ನೋಡಿ ಕೇಕೆ ಹೊಡೆಯುತ್ತಿದ್ದರು. ನನಗೆ ನೀರು ಬಿದ್ದ ಸದ್ದು ಮಾತ್ರ ಕೇಳಿಸಿತು. ಆಟ ಬಿಟ್ಟಿದೆ, ನಾನು ವಾಪಸ್ ಬಂದಿಲ್ಲ.

ನಿನ್ನನ್ನು ವಿಜಯಪುರದ ಕಣ್ಣಿನ ದವಾಖಾನೆಗೆ ಒಯ್ದದ್ದು ದಸರೆಯಾದ ಮೇಲೆ, ನೀನು ದನ ಕಟ್ಟುವ ಗೂಟ ಎಡವಿ ಹಣೆ ಒಡೆದುಕೊಂಡಾಗ. ಸುದ್ದಿ ತಿಳಿದು ನಾನೂ ಅಲ್ಲಿಗೆ ಬಂದೆ. ಕಣ್ಣಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಬಲಗಣ್ಣು ಮೊದಲೇ ಹೋಗಿದೆ, ಎರಡು ತಿಂಗಳ ಹಿಂದೆ ಬಂದಿದ್ದರೆ ಎಡಗಣ್ಣಿನಲ್ಲಿ ಇದ್ದ ಬೆಳಕಾದರೂ ಉಳಿಯುತ್ತಿತ್ತು, ಎಂದರು ಡಾಕ್ಟರು. ಪರಸಣ್ಣ ಗೋಡೆಗೆ ಹಣೆ ಹಚ್ಚಿ ನಿಂತ. ಮನ್ಯಾಗ ಇಷ್ಟ ಮಂದಿ ಇದ್ದೇವಿ, ಒಬ್ಬರಿಗೂ ಗೊತ್ತಾಗಲಿಲ್ಲೇನು, ಎಂದು ಎಲ್ಲರ ಮುಖ ನೋಡಿದ. ನನ್ನ ಮುಖವನ್ನೂ ನೋಡಿದ. ಇಲ್ಲಣ್ಣಾ, ಎಂದೆ. ದನಿ ಒಂದಿಷ್ಟೂ ನಡುಗಲಿಲ್ಲ. ಅವನು ನಂಬಿದ.

ಒಳಗೆ ಬಂದರೆ ನೀನು ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದೆ. ನನ್ನ ಬಳೆ ಸದ್ದಿನ ಮೇಲೇ ಗುರುತು ಹಿಡಿದು ಕೈ ಹಿಡಿದುಕೊಂಡೆ. ಪಂಚಮಿಗೆ ಹೆಂಗ ಆಡಿದಿ ಹುಡುಗಿ, ನನಗ ಒಂದ ಆಟಾನೂ ಬಿಡಲಿಲ್ಲ, ಹುಲಿ ಅದಿ ಹುಲಿ, ಎಂದು ಪಕ್ಕದ ಹಾಸಿಗೆಯವಳಿಗೆ ಕೇಳುವ ಹಾಗೆ ಹೊಗಳಿದೆ. ಅಯ್ಯೋ ಆಯಿ, ನೀನು ಕಪಾಳಕ್ಕೆ ಹೊಡೆದಿದ್ದರೆ ಎಷ್ಟೋ ಚಲೋ ಇತ್ತು.

ನೀನು ಗುಟ್ಟು ಮಾಡಿದ್ದು ಯಾಕೆಂದು ನನಗೆ ಗೊತ್ತು. ಕಣ್ಣು ಹೋಯಿತೆಂದರೆ ಒಲೆಯ ಮುಂದೆ ಬಿಡುವುದಿಲ್ಲ, ಆಟಕ್ಕೆ ಕೂಡಿಸುವುದಿಲ್ಲ ಎಂದಲ್ಲವೇ? ಈಗ ನಿನ್ನ ಎಲೆಗಳನ್ನು ಗುಂಡವ್ವನ ಕೈಗೆ ಕೊಟ್ಟು ಒಲೆಗೆ ಹಾಕು ಎಂದೆಯಂತೆ, ದಿನವಿಡೀ ಗೋಡೆಗೆ ಮುಖ ಮಾಡಿ ಮಲಗುತ್ತೀಯಂತೆ. ನನ್ನ ಖುಷಿ ಹೋದದ್ದು ಹೋಯಿತು, ನಿನ್ನದನ್ನೂ ನಾನೇ ಕಳೆದೆನಲ್ಲ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಬೈದುಬಿಡು. ನಿನ್ನ ಹೆಣಾ ಎತ್ಲಿ ಎಂಬಲ್ಲಿಂದ ಶುರುಮಾಡಿ ನಿನಗೆ ಬರುವ ಎಲ್ಲ ಬೈಗುಳ ಬೈ. ವೈನಿ, ನಾಚಿಕೆಯಾದರೂ ಒಂದೂ ಬಿಡದೆ ಬರೆದು ಕಳಿಸ್ರಿ. ಓದಿದರೆ ನನಗೆ ಏನಾದರೂ ಅನ್ನಿಸಬಹುದು. ಅನ್ನಿಸದಿದ್ದರೆ ಏನು ಮಾಡುವುದೋ ನನಗೆ ತಿಳಿಯದು.

ಇದರ ಜೊತೆ ಒಂದು ಹೊಸ ಇಸ್ಪೀಟು ಕಟ್ಟು ಕಳಿಸಿದ್ದೇನೆ. ಪ್ರತಿ ಎಲೆಯ ಮೂಲೆಗೆ ದಬ್ಬಣದಿಂದ ಚುಚ್ಚಿದ್ದೇನೆ. ದುರ್ರಿಗೆ ಎರಡು ತೂತು, ತಿರ್ರಿಗೆ ಮೂರು, ಹೀಗೆ. ರಾಜಾ ರಾಣಿ ಗುಲಾಮರಿಗೆ ಬೇರೆ ಬೇರೆ ಗೆರೆ, ನಾಲ್ಕೂ ಜಾತಿಯ ಎಲೆಗೆ ಒಂದೊಂದು ಗುರುತು. ಎರಡು ದಿನ ಹಿಡಿಯಿತು. ಹೆಬ್ಬೆರಳು ಆಡಿಸಿದರೆ ನಿನಗೆ ತಿಳಿಯುತ್ತದೆ. ಗುಂಡವ್ವನ ಜೊತೆ ಆಡು ಆಯಿ. ಸಾಧ್ಯವಾದಷ್ಟು ಮೋಸ ಮಾಡು. ನೀನು ಮೋಸ ಮಾಡಿದರೆ ಮನೆ ತುಂಬ ನಗು ಇರುತ್ತಿತ್ತು.

ನಿನ್ನನ್ನು ಗೆದ್ದ ಮೊಮ್ಮಗಳು,
ಸುವರ್ಣಾ

ತಾ.ಕ.: ವೈನಿ, ಇದನ್ನು ನಿಮ್ಮ ಮನಸ್ಸಿನಲ್ಲೇ ಓದ್ರಿ, ಆಯಿಗೆ ಹೇಳಬೇಡ್ರಿ. ಚುಚ್ಚಿದ ತೂತು ಎಲೆಯ ಎರಡೂ ಕಡೆ ಕಾಣುತ್ತದೆ. ಆಯಿಗೆಂದೇ ಚುಚ್ಚಿದೆ, ದೇವರಾಣೆ. ಆದರೆ ಮುಗಿದ ಮೇಲೆ ಎಲ್ಲವನ್ನೂ ಮಗುಚಿ ಹಾಸಿಗೆಯ ಮೇಲೆ ಹರಡಿ, ಬೆನ್ನು ನೋಡಿಯೇ ಯಾವ ಎಲೆ ಎಂದು ಹೇಳಲು ಬರುತ್ತದೆಯೋ ಎಂದು ಪರೀಕ್ಷೆ ಮಾಡಿದೆ. ಐವತ್ತೆರಡರಲ್ಲಿ ನಲವತ್ತೊಂಬತ್ತು ಸರಿಯಾಯಿತು. ತಪ್ಪಿದ ಮೂರಕ್ಕೆ ಮನಸ್ಸು ಚುರ್ ಎಂದಿತು. ಎಷ್ಟೋ ತಿಂಗಳ ಮೇಲೆ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು. ಸಂಕ್ರಮಣಕ್ಕೆ ನಾನು ಬಂದರೆ ರೊಟ್ಟಿ ಬಡಿಯಲು ಹಚ್ಚಿರಿ, ನೀರು ತರಲು ಕಳಿಸಿರಿ, ಆಯಿಯ ಎದುರು ಚಾಪೆಯ ಮೇಲೆ ಮಾತ್ರ ಕೂಡಿಸಬೇಡ್ರಿ. ನಾನು ನಕ್ಕು ನಕ್ಕು ಕೇಳಿದರೂ ನಂಬಬೇಡ್ರಿ. ನಗುವುದನ್ನೂ ಕಲಿತಿದ್ದೇನೆ.