ಮಾಟಗಾತಿಯ ಮುಂದಿನ ಹಲ್ಲು

ಅಲಖನೂರ, ೧೯ ನವೆಂಬರ್ ೨೦೨೪, ಮಂಗಳವಾರ

ನಾಲ್ಕು ಸಲ ಬಾಯಿ ಮುಕ್ಕಳಿಸಿದೆ. ದುರಗಪ್ಪನ ರಕ್ತದ ರುಚಿ ಹೋಗುತ್ತಿಲ್ಲ.

ಬೆಳಿಗ್ಗೆ ಅವನ ಎಮ್ಮೆಯ ಹಾಲಿನಲ್ಲಿ ರಕ್ತ ಬಂತಂತೆ. ಕೆಚ್ಚಲು ಬಾವು, ಅಷ್ಟೇ. ಅವನು ಮಾತ್ರ ವಿಧವೆ ಅತ್ತಿಗೆ ಜನಾಬಾಯಿಯೇ ಮಾಟ ಮಾಡಿದ್ದಾಳೆಂದು ಕೂದಲು ಹಿಡಿದು ಅಂಗಳಕ್ಕೆ ಎಳೆದ. ಎದೆಯ ಮೇಲೆ ಮೊಣಕಾಲೂರಿ, ಖಾರ ಅರೆಯುವ ಗುಂಡುಕಲ್ಲಿನಿಂದ ಅವಳ ಮುಂದಿನ ಎರಡು ಹಲ್ಲು ಉದುರಿಸಿದ. ನಾನು ಓಡಿ ಹೋಗುವಷ್ಟರಲ್ಲಿ ಮೂರನೆಯದಕ್ಕೆ ಕಲ್ಲೆತ್ತಿದ್ದ. ಅವನ ಮಣಿಕಟ್ಟು ಕಚ್ಚಿದೆ. ಕಲ್ಲು ಬೀಳುವವರೆಗೂ ಬಿಡಲಿಲ್ಲ.

"ಹಲ್ಲ ಮುರದ್ರ ಮಂತ್ರ ನಡಿಯಂಗಿಲ್ರಿ ಅಕ್ಕೋರ," ಎಂದು ಒದರಿದ. "ನಮ್ಮ ಮುತ್ಯಾನ ಕಾಲದಿಂದ ಬಂದ ಪದ್ಧತಿ ಐತಿ ಇದು!"

ಯಾವ ಮುತ್ಯಾ? ಅದು ನನ್ನ ಕಾದಂಬರಿಯ ನಾಲ್ಕನೆಯ ಅಧ್ಯಾಯ. ಮಾಟಗಾತಿಯ ಶಕ್ತಿ ಮುಂದಿನ ಹಲ್ಲಿನಲ್ಲಿರುತ್ತದೆ, ಊರವರು ಅದನ್ನು ಮುರಿಯುತ್ತಾರೆ ಎಂದು ಶ್ರಾವಣದಲ್ಲಿ ನಾನೇ ಹೆಣೆದದ್ದು. ಊರಿನ ಸ್ವಸಹಾಯ ಸಂಘದ ಹೆಂಗಸರಿಗೆ ಓದಿ ಹೇಳಿದ್ದೆ. ಅವರು ಮನೆಗೆ ಹೋಗಿ ಹೇಳಿದರು. ಮೂರೇ ತಿಂಗಳಲ್ಲಿ ಅದು ಮುತ್ಯಾನ ಕಾಲದ ಪದ್ಧತಿಯಾಯಿತು.

ರಾಯಬಾಗದ ದವಾಖಾನೆಯಲ್ಲಿ ತುಟಿಗೆ ಹೊಲಿಗೆ ಹಾಕಿಸಿಕೊಂಡ ಮೇಲೆ ಜನಾಬಾಯಿ ನನ್ನ ಕೈ ಹಿಡಿದಳು. ಅವಳೂ ಸಂಘದಲ್ಲಿ ಕೂತು ಆ ಕಥೆ ಕೇಳಿದವಳೇ.

"ಅಕ್ಕೋರ, ಹಲ್ಲ ಹ್ವಾದ ಮ್ಯಾಲ ಕಥ್ಯಾಗಿನ ಆಕಿ ಅವರನ್ನ ಏನ ಮಾಡತಾಳ್ರಿ?"

ಕ್ಷಮಿಸುತ್ತಾಳೆ ಎಂದು ಬರೆದಿಟ್ಟಿದ್ದೆ. ಆ ಹಾಳೆಗಳನ್ನು ಈಗಷ್ಟೇ ಹರಿದು ಹಾಕಿದೆ. ಮುಂದೆ ಏನು ಬರೆಯಬೇಕೆಂದು ಗೊತ್ತು, ಕೈ ತುಡಿಯುತ್ತಿದೆ. ಆದರೆ ನಾನು ಬರೆದದ್ದನ್ನು ಈ ಊರು ಮಾಡಿಬಿಡುತ್ತದೆ.