ಹಲಸಿನ ಬೊಡ್ಡೆಗೆ ಕಾಯಿ ಒಡೆದದ್ದು

ಕಟ್ಟೆಮಳಲವಾಡಿ
ಮಂಗಳವಾರ

ರೀ,

ನೀವು ಹೋಗಿರುವ ಕಡೆಗೆ ಅಂಚೆಯವನು ಬರುವುದಿಲ್ಲ, ಗೊತ್ತು. ಆದರೂ ಇವತ್ತಿನ ಸುದ್ದಿಯನ್ನು ಇನ್ಯಾರಿಗೆ ಹೇಳಲಿ?

ಹಿತ್ತಿಲ ಹಲಸಿನ ಬೊಡ್ಡೆ ಕೀಳಿಸಲು ಹೊರಟೆ. ದಿನಾ ಬೆಳಿಗ್ಗೆ ನೀವು ಅದರ ಮೇಲೆ ಬೀಡಿ ಹಚ್ಚಿ ಕೂರುವುದು, ನಾನು ‘ಎದ್ದೇಳಿ’ ಎಂದು ಬಯ್ಯುವುದು ನಡೆದೇ ಇತ್ತಲ್ಲ. ಈಗ ಎದ್ದ ತಕ್ಷಣ ಅದೇ ಕಣ್ಣಿಗೆ ಬೀಳುತ್ತದೆ. ಹೊಗೆಸೊಪ್ಪು ಬೇಯಿಸುವ ತನ್ನ ಬ್ಯಾರನ್ನಿನ ಒಲೆಗೆ ಸೌದೆಯಾಗುತ್ತದೆಂದು ಉಮಾಶಂಕರ ಟ್ರ್ಯಾಕ್ಟರು, ಸರಪಳಿ ತಂದ.

ಮರದ ಅಪ್ಪಣೆ ಕೇಳದೆ ಕೀಳಬಾರದಲ್ಲ! ಬೊಡ್ಡೆಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಅವನಿಗೆ ಕಾಫಿ ತರಲು ಒಳಗೆ ಹೋದೆ. ಬರುವಷ್ಟರಲ್ಲಿ, ಗುಡಿಗೆಂದು ಕಾಯಿ ಹಿಡಿದು ಹೊರಟಿದ್ದ ಪಕ್ಕದ ಮನೆ ಬೀರಮ್ಮ ಅದನ್ನು ಇಲ್ಲೇ ಒಡೆದು, ಮಗಳ ಮದುವೆಗೆ ಹರಕೆಯನ್ನೂ ಹೊತ್ತಾಗಿತ್ತು.

“ಕಾಯಿ ಒಡ್ದ್ ಮ್ಯಾಕೆ ನಾನ್ ಸರ್ಪಳಿ ಆಕಾಕಿಲ್ಲ ಕಣಕ್ಕ. ನಂಗೂ ಎಂಡ್ರು ಮಕ್ಳವ್ರೆ,” ಎಂದ ಉಮಾಶಂಕರ. ಕಾಫಿ ಮಾತ್ರ ಬಿಡಲಿಲ್ಲ.

“ಅದ್ರ ಮ್ಯಾಲೆ ನಮ್ಮನೆಯವ್ರು ಬೀಡಿ ಸೇದ್ಕಂಡು ಕೂರ್ತಿದ್ರು ಕಣವ್ವ,” ಎಂದೆ.

ಬೀರಮ್ಮ ಕೆನ್ನೆ ಬಡಿದುಕೊಂಡಳು. “ತಪ್ಪಾಯ್ತು ಅನ್ನವ್ವ! ಯಾವ್ ದ್ಯಾವ್ರು ಇದು?”

ಸಿಟ್ಟು ಬಂತು. “ಎಷ್ಟ್ ಬಯ್ದ್ರೂ ಎದ್ದೋಗದ ದ್ಯಾವ್ರು,” ಎಂದುಬಿಟ್ಟೆ.

ಅಂದ ಮೇಲೆ, ನೀವು ಎದ್ದು ಹೋಗಿಯೇ ಬಿಟ್ಟಿರುವಾಗ ಆ ಕುಂಕುಮದ ಎದುರಿಗೇ ಸುಳ್ಳು ಹೇಳಿದೆನಲ್ಲ ಅನಿಸಿತು.

ನಿಮ್ಮ
ಪ್ರಮೀಳಾ